ಆವಿಯಿಂದ ನೇರವಾಗಿ ಹಿಮ: ವೀರ್ಯದ ಪಾತ್ರೆಯ ಬಿಳಿ ಗೆರೆ ಕಲಿಸುವ ಪಾಠ



ಕೃತಕ ಗರ್ಭಧಾರಣೆ ಮಾಡುವ ಕಾರ್ಯಕರ್ತರು ದ್ರವ ಸಾರಜನಕದ ಪಾತ್ರೆಯ ಮುಚ್ಚಳ ತೆಗೆದಾಗ ಬಿಳಿ ಹೊಗೆಯಂಥದ್ದು ಹೊರಗೆ ಬಂದು ಕೆಳಗೆ ಇಳಿಯುವುದನ್ನು ತಾವೆಲ್ಲರೂ ನೋಡಿದ್ದೀರಿ. ಪಾತ್ರೆಯ ಕತ್ತಿನ ಒಳಭಾಗದಲ್ಲಿ ಸುಣ್ಣ ಬಳಿದಂತೆ ಬೆಳ್ಳಗೆ ಪುಡಿ ಅಂಟಿರುವುದನ್ನೂ ನೋಡಿರಬಹುದು. ಆ ಹೊಗೆ ಏನು? ಆ ಪುಡಿ ಎಲ್ಲಿಂದ ಬಂತು? ಪಾತ್ರೆಯೊಳಗೆ ನೀರನ್ನು ಯಾರೂ ಹಾಕಿಲ್ಲ, ಮಂಜುಗಡ್ಡೆಯನ್ನೂ ಇಟ್ಟಿಲ್ಲ. ಹಾಗಿದ್ದರೂ ಹಿಮ ಕಟ್ಟುತ್ತದೆ.

ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಆ ಬಿಳಿ ಪುಡಿಯನ್ನು ಓದಲು ಬಂದರೆ ಪಾತ್ರೆಯಲ್ಲಿ ಸಾರಜನಕ ಎಷ್ಟಿದೆ, ಪಾತ್ರೆ ಸುಸ್ಥಿತಿಯಲ್ಲಿದೆಯೇ, ತಮ್ಮ ಹಸುವಿಗೆ ಹಾಕುವ ವೀರ್ಯ ಜೀವಂತವಾಗಿದೆಯೇ ಎಂಬ ವಿಷಯಗಳನ್ನು ಬಹುಮಟ್ಟಿಗೆ ಊಹಿಸಬಹುದು. ಒಂದು ಬೆದೆ ವ್ಯರ್ಥವಾದರೆ 21 ದಿನ ಹೋಯಿತು. ದಿನಕ್ಕೆ 8 ಲೀಟರ್ ಕರೆಯುವ ಹಸು ಎಂದು ಇಟ್ಟುಕೊಳ್ಳಿ. ಮುಂದಿನ ಕರು 21 ದಿನ ತಡವಾದರೆ 168 ಲೀಟರ್ ಹಾಲು ಅಷ್ಟೇ ಹಿಂದಕ್ಕೆ ಹೋಗುತ್ತದೆ. ಆ ದಿನಗಳ ಮೇವು, ಹಿಂಡಿಯ ಖರ್ಚು ಮಾತ್ರ ನಿಲ್ಲುವುದಿಲ್ಲ. ಎರಡು ಮೂರು ಬೆದೆ ಹೀಗೆ ಹೋದರೆ ಒಳ್ಳೆಯ ಹಸುವೂ ‘ಬರಡು’ ಎಂಬ ಹೆಸರು ಹೊತ್ತು ಸಂತೆಗೆ ಹೋಗುತ್ತದೆ. ಆದ್ದರಿಂದ ಈ ಸಂಚಿಕೆಯಲ್ಲಿ ಆವಿಯು ನೇರವಾಗಿ ಘನವಾಗುವ ಕ್ರಿಯೆಯನ್ನು ತಿಳಿದುಕೊಂಡು, ಅದನ್ನು ಹೈನುಗಾರಿಕೆಯಲ್ಲಿ ಹೇಗೆ ಬಳಸಿಕೊಳ್ಳಬಹುದು ಎಂದು ನೋಡೋಣ.

ಮೂರು ಸ್ಥಿತಿಗಳು, ಒಂದು ಒಳದಾರಿ

ವಸ್ತುಗಳಿಗೆ ಘನ, ದ್ರವ, ಅನಿಲ ಎಂಬ ಮೂರು ಸ್ಥಿತಿಗಳಿವೆ ಎಂಬುದು ಶಾಲೆಯಲ್ಲಿ ಕಲಿತ ಪಾಠ. ಮಂಜುಗಡ್ಡೆ ಕರಗಿ ನೀರಾಗುತ್ತದೆ, ನೀರು ಕಾದು ಆವಿಯಾಗುತ್ತದೆ. ಆವಿ ತಣಿದರೆ ನೀರು, ನೀರು ಇನ್ನೂ ತಣಿದರೆ ಮಂಜುಗಡ್ಡೆ. ಇದು ಹೆದ್ದಾರಿ. ಆದರೆ ನಡುವಿನ ನೀರಿನ ಹಂತವನ್ನು ಬಿಟ್ಟು ಹೋಗುವ ಒಳದಾರಿಯೂ ಒಂದಿದೆ.

ಘನವಸ್ತು ಕರಗದೆ ನೇರವಾಗಿ ಆವಿಯಾಗುವುದನ್ನು ಉತ್ಪತನ ಎನ್ನುತ್ತಾರೆ. ಬಟ್ಟೆಯ ಪೆಟ್ಟಿಗೆಯಲ್ಲಿ ಇಟ್ಟ ನುಸಿಗುಳಿಗೆ ದಿನೇ ದಿನೇ ಸಣ್ಣದಾಗುತ್ತದೆ. ಬಟ್ಟೆ ಮಾತ್ರ ಒದ್ದೆಯಾಗುವುದಿಲ್ಲ. ಗುಳಿಗೆ ಆವಿಯಾಗಿ ಹೋಯಿತು, ನಡುವೆ ದ್ರವ ಆಗಲೇ ಇಲ್ಲ. ಇದರ ತಿರುಗುಮುರುಗು ಕ್ರಿಯೆ, ಅಂದರೆ ಅನಿಲ ಅಥವಾ ಆವಿಯು ದ್ರವವಾಗದೆ ನೇರವಾಗಿ ಘನವಾಗುವುದು, ನಿಕ್ಷೇಪಣೆ. ಈ ದೊಡ್ಡ ಪದ ಮರೆತರೂ ಚಿಂತೆಯಿಲ್ಲ, ‘ಆವಿ ನೇರವಾಗಿ ಹಿಮವಾಗುವುದು’ ಎಂದು ನೆನಪಿಟ್ಟರೆ ಸಾಕು.

ನಾವು ಕಂಡಿರುವ ಉದಾಹರಣೆಗಳು

1. ಕರ್ಪೂರ: ದೇವರ ಮನೆಯ ಕರ್ಪೂರದ ಡಬ್ಬಿಯನ್ನು ಬಹಳ ದಿನ ತೆರೆಯದೆ ಇಟ್ಟರೆ ಮುಚ್ಚಳದ ಒಳಬದಿಯಲ್ಲಿ ಸಣ್ಣ ಸಣ್ಣ ಹೊಳೆಯುವ ಹರಳುಗಳು ಕಾಣುತ್ತವೆ. ಕೆಳಗಿನ ಬಿಲ್ಲೆಯಿಂದ ಎದ್ದ ಆವಿ, ತಣ್ಣಗಿರುವ ಮುಚ್ಚಳಕ್ಕೆ ತಾಗಿ ಮತ್ತೆ ಘನ ಕರ್ಪೂರವಾಗಿದೆ.

2. ನವಸಾಗರ: ಪಾತ್ರೆಗೆ ಕಲಾಯಿ ಹಾಕುವವರು ಕಾದ ಪಾತ್ರೆಯ ಮೇಲೆ ನವಸಾಗರದ ಪುಡಿ ಉಜ್ಜಿದಾಗ ದಟ್ಟವಾದ ಬಿಳಿ ಹೊಗೆ ಏಳುತ್ತದೆ. ನವಸಾಗರ ಎಂದರೆ ಅಮೋನಿಯಂ ಕ್ಲೋರೈಡ್. ಕಾವಿಗೆ ಅದು ಅಮೋನಿಯ ಮತ್ತು ಹೈಡ್ರೋಜನ್ ಕ್ಲೋರೈಡ್ ಎಂಬ ಎರಡು ಅನಿಲಗಳಾಗಿ ಒಡೆಯುತ್ತದೆ. ಮೇಲೆ ಹೋಗಿ ತಣಿದ ಕೂಡಲೇ ಎರಡೂ ಸೇರಿ ಮತ್ತೆ ಘನ ನವಸಾಗರದ ಸೂಕ್ಷ್ಮ ಕಣಗಳಾಗುತ್ತವೆ. ನಾವು ಕಾಣುವ ಬಿಳಿ ಹೊಗೆ ಆ ಕಣಗಳೇ. ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಕರ್ಪೂರದಲ್ಲಿ ಒಂದೇ ವಸ್ತು ಸ್ಥಿತಿ ಬದಲಿಸಿತು. ನವಸಾಗರದಲ್ಲಿ ಎರಡು ಅನಿಲಗಳು ರಾಸಾಯನಿಕವಾಗಿ ಕೂಡಿ ಘನವಾದವು.

3. ಗಂಧಕದ ಹೂ: ಚರ್ಮರೋಗದ ಮುಲಾಮುಗಳಲ್ಲಿ ಬಳಸುವ ನುಣ್ಣನೆಯ ಹಳದಿ ಪುಡಿ ಇದು. ಗಂಧಕದ ಆವಿಯನ್ನು ತಣ್ಣನೆಯ ಕೋಣೆಗೆ ಹಾಯಿಸಿದಾಗ ಗೋಡೆಗಳ ಮೇಲೆ ನೇರವಾಗಿ ಪುಡಿಯಾಗಿ ಕೂರುತ್ತದೆ. ಕುಟ್ಟಿ ಪುಡಿ ಮಾಡಿದ್ದಲ್ಲ, ಆವಿಯಿಂದ ಅರಳಿದ್ದು; ಅದಕ್ಕೇ ‘ಹೂ’ ಎಂಬ ಹೆಸರು.

4. ನೆಲದ ಹಿಮ: ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಉದಕಮಂಡಲದ ಹುಲ್ಲುಗಾವಲುಗಳು ಬೆಳಗಾಗುವ ಹೊತ್ತಿಗೆ ಬಿಳಿಯಾಗಿರುತ್ತವೆ. ಗಾಳಿಯಲ್ಲಿದ್ದ ನೀರಿನ ಆವಿ, ಸೊನ್ನೆ ಡಿಗ್ರಿಗಿಂತ ತಣ್ಣಗಾದ ಹುಲ್ಲಿನ ಮೇಲೆ ಹಿಮದ ಹರಳಾಗಿ ಕುಳಿತಿದೆ.

ಬೆವರು ಬೇರೆ, ಹಿಮ ಬೇರೆ

ಸಂಘದ ಶೀತಲೀಕರಣ ಘಟಕದಿಂದ 4 ಡಿಗ್ರಿಯ ಹಾಲನ್ನು ಕ್ಯಾನಿಗೆ ಹಿಡಿದರೆ ಕ್ಯಾನಿನ ಹೊರಮೈ ‘ಬೆವರುತ್ತದೆ’. ಹಾಲು ಹೊರಗೆ ಸೋರಿದ್ದಲ್ಲ, ಗಾಳಿಯ ಆವಿಯೇ ನೀರ ಹನಿಯಾಗಿದೆ. ಕ್ಯಾನಿನ ಮೈ ಸೊನ್ನೆ ಡಿಗ್ರಿಗಿಂತ ಮೇಲಿರುವುದರಿಂದ ಅಲ್ಲಿ ಹಿಮ ಕಟ್ಟಲಾರದು. ಅದೇ ಮೈ ಸೊನ್ನೆಗಿಂತ ಸಾಕಷ್ಟು ಕೆಳಗಿದ್ದರೆ ಆವಿ ಹನಿಯಾಗಲು ಕಾಯದೆ ನೇರವಾಗಿ ಹರಳಾಗಿ ಅಂಟುತ್ತದೆ. ಹಾಗಾಗಿ ಒಂದು ಸುಲಭ ಸೂತ್ರ: ಬೆವರು ಕಂಡರೆ ಮೈ ತಣ್ಣಗಿದೆ, ಬಿಳಿ ಹಿಮ ಕಂಡರೆ ಮೈ ಸೊನ್ನೆಗಿಂತಲೂ ಕೆಳಗಿದೆ.

ಗಾಳಿಯಲ್ಲಿ ಅಷ್ಟು ಆವಿ ಎಲ್ಲಿರುತ್ತದೆ ಎಂದು ಕೇಳಬಹುದು. ಬೆಚ್ಚನೆಯ ಗಾಳಿ ಹೆಚ್ಚು ಆವಿ ಹಿಡಿದುಕೊಳ್ಳುತ್ತದೆ, ತಣ್ಣನೆಯ ಗಾಳಿ ಕಡಿಮೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಿನ ಆವಿಯನ್ನು ಹಿಡಿದಿಡಬಲ್ಲದು. ಸೊನ್ನೆ ಡಿಗ್ರಿಯಲ್ಲಿ 5 ಗ್ರಾಂ ಕೂಡ ಹಿಡಿಯದು. ದ್ರವ ಸಾರಜನಕದ ಮೈನಸ್ 196 ಡಿಗ್ರಿಯಲ್ಲಿ ಹಿಡಿದಿಡುವ ಮಾತೇ ಇಲ್ಲ. ಆದ್ದರಿಂದ ಮುಚ್ಚಳ ತೆಗೆದಾಗ ಪಾತ್ರೆಯ ಬಾಯಿಗೆ ಬಂದ ಗಾಳಿ ತನ್ನಲ್ಲಿದ್ದ ಆವಿಯನ್ನೆಲ್ಲ ಅಲ್ಲೇ ಇಳಿಸಿಬಿಡುತ್ತದೆ. ಮಳೆಗಾಲದಲ್ಲಿ, ಕರಾವಳಿಯ ತೇವದ ಹವೆಯಲ್ಲಿ ಪಾತ್ರೆಯ ಕತ್ತಿನಲ್ಲಿ ಹಿಮ ಬೇಗ ಕಟ್ಟುವುದು ಇದೇ ಕಾರಣದಿಂದ.

ಹೊರಬರುವ ಬಿಳಿ ಹೊಗೆಯ ಗುಟ್ಟೂ ಇದೇ. ಸಾರಜನಕಕ್ಕೆ ಬಣ್ಣವಿಲ್ಲ, ಅದು ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಗಾಳಿಯಲ್ಲಿದ್ದ ನೀರಿನ ಆವಿ ತಣಿದು ಆದ ಸೂಕ್ಷ್ಮ ಹನಿಗಳು ಮತ್ತು ಹಿಮದ ಕಣಗಳು. ತಣ್ಣನೆಯ ಗಾಳಿ ಭಾರವಾದ್ದರಿಂದ ಅದು ಮೇಲೇರದೆ ಕೆಳಗಿಳಿಯುತ್ತದೆ.

ಶಾಖದ ಲೆಕ್ಕ: ಹಿಮ ಬಿಸಿ ಕೊಡುತ್ತದೆ!

‘ಹಿಮ ಕಟ್ಟಿದರೆ ಒಳ್ಳೆಯದೇ, ಇನ್ನಷ್ಟು ತಂಪಾಯಿತು’ ಎಂದು ಕೆಲವರು ತಿಳಿಯುತ್ತಾರೆ. ವಿಷಯ ಇದಕ್ಕೆ ವಿರುದ್ಧವಾಗಿದೆ. ನೀರನ್ನು ಆವಿ ಮಾಡಲು ಶಾಖ ಕೊಡಬೇಕು. ಆ ಶಾಖ ಆವಿಯಲ್ಲಿ ಅಡಗಿರುತ್ತದೆ. ಆವಿ ಮತ್ತೆ ನೀರಾಗುವಾಗ, ನೀರು ಹಿಮವಾಗುವಾಗ ಆ ಅಡಗಿದ ಶಾಖ ಹೊರಬರುತ್ತದೆ. ಸೊನ್ನೆ ಡಿಗ್ರಿಯ ಬಳಿ ಒಂದು ಗ್ರಾಂ ಆವಿ ನೀರಾದರೆ ಸುಮಾರು 600 ಕ್ಯಾಲೊರಿ, ಆ ನೀರು ಹಿಮವಾದರೆ 80 ಕ್ಯಾಲೊರಿ ಹೊರಬರುತ್ತದೆ. ಒಳದಾರಿಯಲ್ಲಿ ಹೋದರೂ ಲೆಕ್ಕ ತಪ್ಪುವುದಿಲ್ಲ, ಎರಡೂ ಸೇರಿ ಸುಮಾರು 680 ಕ್ಯಾಲೊರಿ ಒಮ್ಮೆಗೇ ಹೊರಬರುತ್ತದೆ. ಹಿಮ ಯಾವ ವಸ್ತುವಿನ ಮೇಲೆ ಕೂರುತ್ತದೆಯೋ ಆ ವಸ್ತುವಿಗೆ ಈ ಶಾಖ ಹೋಗುತ್ತದೆ.

ಒಂದು ಗ್ರಾಂ ದ್ರವ ಸಾರಜನಕ ಆವಿಯಾಗಲು ಸುಮಾರು 48 ಕ್ಯಾಲೊರಿ ಸಾಕು. ಅಂದರೆ ಒಂದು ಗ್ರಾಂ ಹಿಮ ಕಟ್ಟುವಾಗ ಹೊರಬಂದ ಶಾಖವೆಲ್ಲ ಸಾರಜನಕಕ್ಕೆ ಸೇರಿದರೆ ಸುಮಾರು 14 ಗ್ರಾಂ ಸಾರಜನಕ ಹಾರಿಹೋಗುತ್ತದೆ. ಮುಚ್ಚಳವನ್ನು ಪದೇ ಪದೇ ತೆಗೆಯುವ, ತೆಗೆದು ಮಾತನಾಡುತ್ತ ನಿಲ್ಲುವ ಅಭ್ಯಾಸ ಏಕೆ ದುಬಾರಿ ಎಂಬುದು ಈಗ ಅರ್ಥವಾಗುತ್ತದೆ.

ಮೈನಸ್ 196 ಡಿಗ್ರಿಯವರೆಗಿನ ದಾರಿ

ಭಾರತದಲ್ಲಿ ಕೃತಕ ಗರ್ಭಧಾರಣೆಯ ಮೊದಲ ಹೆಜ್ಜೆ ನಮ್ಮ ನಾಡಿನದೇ. 1939ರಲ್ಲಿ ಮೈಸೂರಿನ ಅರಮನೆ ಡೈರಿ ಫಾರಂನಲ್ಲಿ ಸಂಪತ್ ಕುಮಾರನ್ ಅವರು ಇದನ್ನು ಮಾಡಿದರು. ಆ ಕಾಲದಲ್ಲಿ ಹೋರಿಯ ವೀರ್ಯವನ್ನು ದ್ರವರೂಪದಲ್ಲೇ ಬಳಸಬೇಕಾಗಿತ್ತು, ಬಹಳ ದಿನ ಇಡಲು ಬರುತ್ತಿರಲಿಲ್ಲ. 1949ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್ ಮತ್ತು ಪಾರ್ಕ್ಸ್ ಎಂಬ ವಿಜ್ಞಾನಿಗಳು ಗ್ಲಿಸರಿನ್ ಸೇರಿಸಿದರೆ ವೀರ್ಯಾಣುಗಳು ಘನೀಭವಿಸಿದ ಮೇಲೂ ಬದುಕುತ್ತವೆ ಎಂದು ತೋರಿಸಿದರು. ಮೊದಲು ಒಣ ಮಂಜುಗಡ್ಡೆಯಲ್ಲಿ, ಅಂದರೆ ಘನರೂಪದ ಇಂಗಾಲದ ಡೈಆಕ್ಸೈಡಿನಲ್ಲಿ, ಸುಮಾರು ಮೈನಸ್ 79 ಡಿಗ್ರಿಯಲ್ಲಿ ವೀರ್ಯವನ್ನು ಇಡುತ್ತಿದ್ದರು. ಅನಂತರ ದ್ರವ ಸಾರಜನಕ ಬಳಕೆಗೆ ಬಂತು. ಇಂದು ಹೆಸರಘಟ್ಟದಂಥ ಕೇಂದ್ರಗಳಿಂದ ಬರುವ ನಳಿಕೆಗಳು ಮೈನಸ್ 196 ಡಿಗ್ರಿಯಲ್ಲಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ.

ಆದರೆ ಈ ಮಾತಿಗೆ ಒಂದು ಷರತ್ತಿದೆ. ನಳಿಕೆ ಸಾರಜನಕದಲ್ಲಿ ಮುಳುಗಿರಬೇಕು. ಸುಮಾರು ಮೈನಸ್ 130 ಡಿಗ್ರಿಗಿಂತ ಮೇಲೇರಿದರೆ ನಳಿಕೆಯೊಳಗಿನ ಅತಿ ಸಣ್ಣ ಹಿಮದ ಹರಳುಗಳು ಒಂದಕ್ಕೊಂದು ಸೇರಿ ದೊಡ್ಡದಾಗತೊಡಗುತ್ತವೆ. ಆ ಹರಳುಗಳು ವೀರ್ಯಾಣುವಿನ ಹೊರಪೊರೆಯನ್ನು ಹರಿದುಹಾಕುತ್ತವೆ. ಮತ್ತೆ ಸಾರಜನಕಕ್ಕೆ ಇಳಿಸಿದರೂ ಸತ್ತದ್ದು ಬದುಕುವುದಿಲ್ಲ. ಹೊರಗಿನಿಂದ ನೋಡಿದರೆ ಒಳ್ಳೆಯ ನಳಿಕೆಗೂ ಕೆಟ್ಟ ನಳಿಕೆಗೂ ವ್ಯತ್ಯಾಸ ತಿಳಿಯುವುದಿಲ್ಲ. ಅದಕ್ಕೇ ಹಿಮದ ಗುರುತುಗಳನ್ನು ನಂಬಬೇಕು.

ನಳಿಕೆಯ ಮೇಲೆ ಹಿಮ ಕಟ್ಟಿದರೆ ಏನಾಗುತ್ತದೆ?

ಈಗ ಬಳಕೆಯಲ್ಲಿರುವ ಸಣ್ಣ ನಳಿಕೆಯಲ್ಲಿ ಕಾಲು ಮಿಲಿಲೀಟರ್ ವೀರ್ಯ ಮಾತ್ರ ಇರುತ್ತದೆ. ಅದು ದಾರದಂತೆ ತೆಳ್ಳಗೆ, ಉದ್ದಕ್ಕಿರುವುದರಿಂದ ಸುತ್ತಲಿನ ಶಾಖವನ್ನು ಬಹು ಬೇಗ ಹೀರುತ್ತದೆ. ಅದನ್ನು ಮೈನಸ್ 196ರಿಂದ ಮೈನಸ್ 130 ಡಿಗ್ರಿಗೆ ಏರಿಸಲು ಬೇಕಾದ ಶಾಖ ನಾಲ್ಕು ಕ್ಯಾಲೊರಿಯೂ ಇಲ್ಲ. ಮೇಲಿನ ಲೆಕ್ಕದಂತೆ ಕೆಲವೇ ಮಿಲಿಗ್ರಾಂ ಹಿಮ, ಒಂದು ಅಕ್ಕಿ ಕಾಳಿಗಿಂತ ಕಡಿಮೆ ತೂಕದ ಹಿಮ, ನಳಿಕೆಯ ಮೈಮೇಲೆ ಕೂತರೆ ಅಷ್ಟು ಶಾಖ ಸಿಕ್ಕಿತು. ಬೆಚ್ಚನೆಯ ಗಾಳಿ ಕೊಡುವ ಶಾಖ ಇದರ ಮೇಲೆ ಬೇರೆ.

ಆದ್ದರಿಂದ ನಳಿಕೆಗಳಿರುವ ಡಬ್ಬಿಯನ್ನು ಪಾತ್ರೆಯ ಬಾಯಿಯಿಂದ ಹೊರಗೆ ಎತ್ತಲೇಬಾರದು. ಕತ್ತಿನ ಒಳಗೆ ಕಾಣುವ ಹಿಮದ ಗೆರೆಗಿಂತ ಕೆಳಗೆ ಅದನ್ನು ಹಿಡಿದು, ಮೊದಲೇ ತಣಿಸಿದ ಚಿಮುಟದಿಂದ ಬೇಕಾದ ಒಂದು ನಳಿಕೆಯನ್ನು ತೆಗೆದು, 8–10 ಸೆಕೆಂಡುಗಳೊಳಗೆ ಉಳಿದದ್ದನ್ನು ಕೆಳಗಿಳಿಸಬೇಕು. ನಳಿಕೆ ಸಿಗದಿದ್ದರೆ ಡಬ್ಬಿಯನ್ನು ಒಮ್ಮೆ ಸಾರಜನಕಕ್ಕೆ ಇಳಿಸಿ, ತಣಿಸಿ, ಮತ್ತೆ ಪ್ರಯತ್ನಿಸಬೇಕು. ಯಾವ ಹೋರಿಯ ನಳಿಕೆ ಎಂದು ಓದಲು ಕಟ್ಟುಕಟ್ಟನ್ನೇ ಹೊರತೆಗೆದು ಬೆಳಕಿಗೆ ಹಿಡಿದರೆ, ಆ ಒಂದು ನಳಿಕೆ ಮಾತ್ರವಲ್ಲ, ಮುಂದಿನ ಇಪ್ಪತ್ತು ಮನೆಗಳ ಹಸುಗಳಿಗೆ ಹೋಗಬೇಕಾದ ನಳಿಕೆಗಳೂ ಹಾಳಾಗುತ್ತವೆ. ಆ ಇಪ್ಪತ್ತು ಮನೆಯವರು ಮುಂದಿನ ತಿಂಗಳು ‘ಹಸು ನಿಲ್ಲಲಿಲ್ಲ’ ಎಂದು ಹಸುವನ್ನೇ ದೂರುತ್ತಾರೆ.

ಹಿಮದಿಂದ ಅಳತೆ

ಪಾತ್ರೆಯೊಳಗೆ ಸಾರಜನಕ ಎಷ್ಟಿದೆ ಎಂದು ಇಣುಕಿ ನೋಡಿದರೆ ತಿಳಿಯುವುದಿಲ್ಲ. ಇದಕ್ಕೆ ನಿಕ್ಷೇಪಣೆಯೇ ಸಾಧನ.

ಒಂದು ಒಣ ಮರದ ಅಳತೆಪಟ್ಟಿಯನ್ನು ಪಾತ್ರೆಯ ತಳ ಮುಟ್ಟುವಂತೆ ಇಳಿಸಿ. ಸುಮಾರು 10 ಸೆಕೆಂಡು ಬಿಟ್ಟು ಹೊರತೆಗೆದು ಗಾಳಿಯಲ್ಲಿ ಮೆಲ್ಲಗೆ ಬೀಸಿ. ಸಾರಜನಕದಲ್ಲಿ ಮುಳುಗಿದ್ದ ಭಾಗದ ಮೇಲೆ ಗಾಳಿಯ ಆವಿ ಹಿಮವಾಗಿ ಕೂತು ಬೆಳ್ಳಗೆ ಕಾಣುತ್ತದೆ. ಬಿಳುಪು ಎಲ್ಲಿಯವರೆಗಿದೆಯೋ ಅಲ್ಲಿಯವರೆಗೆ ಸಾರಜನಕವಿದೆ. ನಳಿಕೆಯ ಉದ್ದ 13 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಬಿಳಿ ಗೆರೆ 15 ಸೆಂಟಿಮೀಟರಿಗಿಂತ ಮೇಲಿದ್ದರೆ ನೆಮ್ಮದಿ. ಅದಕ್ಕಿಂತ ಕೆಳಗಿಳಿಯುವ ಮೊದಲೇ ಸಾರಜನಕ ತುಂಬಿಸಬೇಕು.

ಟೊಳ್ಳು ಕೊಳವೆಯನ್ನು ಈ ಕೆಲಸಕ್ಕೆ ಬಳಸಕೂಡದು. ಒಳಗಿನ ಸಾರಜನಕ ಕುದಿದು ಕೊಳವೆಯ ಮೇಲ್ತುದಿಯಿಂದ ಮುಖಕ್ಕೆ ಚಿಮ್ಮಬಹುದು.

ಪಾತ್ರೆಯ ಆರೋಗ್ಯ ತಿಳಿಯುವ ಬಗೆ

ಸಾರಜನಕದ ಪಾತ್ರೆಗೆ ಎರಡು ಗೋಡೆಗಳಿರುತ್ತವೆ. ನಡುವೆ ಗಾಳಿಯನ್ನು ಹೀರಿ ತೆಗೆದು ನಿರ್ವಾತ ಮಾಡಿರುತ್ತಾರೆ. ಗಾಳಿ ಇಲ್ಲದ್ದರಿಂದ ಹೊರಗಿನ ಶಾಖ ಒಳಗೆ ಹೋಗುವುದು ಬಹಳ ಕಡಿಮೆ. ಒಳಗೆ ಮೈನಸ್ 196 ಡಿಗ್ರಿ ಇದ್ದರೂ ಹೊರಮೈ ಮುಟ್ಟಿದರೆ ಕೋಣೆಯಷ್ಟೇ ಬೆಚ್ಚಗಿರುತ್ತದೆ. ಬಿದ್ದು, ಜಜ್ಜಿ, ಅಥವಾ ಹಳತಾಗಿ ನಿರ್ವಾತ ಕೆಟ್ಟರೆ ಶಾಖ ಒಳನುಗ್ಗುತ್ತದೆ, ಹೊರಮೈ ತಣ್ಣಗಾಗುತ್ತದೆ. ಆಗ ಸೂತ್ರ ನೆನಪಿಸಿಕೊಳ್ಳಿ.

– ಕತ್ತಿನ ಒಳಗೆ, ಬಿರಡೆಯ ಕೆಳಗೆ ಸ್ವಲ್ಪ ಹಿಮ: ಸಹಜ.
– ಸಾರಜನಕ ತುಂಬುವಾಗ ಚೆಲ್ಲಿ ಬಾಯಿಯ ಹೊರಗೆ ಸ್ವಲ್ಪ ಹೊತ್ತು ಹಿಮ: ಸಹಜ, ತಾನೇ ಹೋಗುತ್ತದೆ.
– ಹೊರಮೈಯಲ್ಲಿ ಬೆವರು ನಿಲ್ಲದೆ ಬರುತ್ತಿದ್ದರೆ: ಅನುಮಾನಿಸಿ, ಮಟ್ಟ ಅಳೆಯಿರಿ.
– ಹೊರಮೈ ಅಥವಾ ಕತ್ತಿನ ಹೊರಗೆ ಬಿಳಿ ಹಿಮ ಕಟ್ಟಿದ್ದರೆ: ನಿರ್ವಾತ ಹೋಗಿದೆ. ನಾಳೆಗೆ ಬಿಡದೆ ಕೂಡಲೇ ನಳಿಕೆಗಳನ್ನು ಬೇರೆ ಪಾತ್ರೆಗೆ ಸಾಗಿಸಬೇಕು. ಸಾರಜನಕ ಗಂಟೆಗಳಲ್ಲೇ ಖಾಲಿಯಾಗಬಹುದು.

ಕತ್ತಿನ ಒಳಗೆ ಹಿಮ ದಪ್ಪವಾದರೆ ಅದನ್ನು ಒಣ ಬಟ್ಟೆಯಿಂದ ಮೆಲ್ಲಗೆ ತೆಗೆಯಬೇಕು. ಇಲ್ಲದಿದ್ದರೆ ಬಿರಡೆ ಸರಿಯಾಗಿ ಕೂರುವುದಿಲ್ಲ, ಹಿಮದ ಪುಡಿ ಒಳಗೆ ಬಿದ್ದು ತಳದಲ್ಲಿ ಸೇರುತ್ತದೆ. ಅದಕ್ಕಾಗಿಯೇ ಪಾತ್ರೆಯನ್ನು ಆಗಾಗ್ಗೆ ಖಾಲಿ ಮಾಡಿ, ತೊಳೆದು, ಪೂರ್ತಿ ಒಣಗಿಸಿ ಮತ್ತೆ ತುಂಬುವ ಪದ್ಧತಿ ಇದೆ.

ಸದಸ್ಯರು ಗಮನಿಸಬೇಕಾದ ಅಂಶಗಳು

ಕಾರ್ಯಕರ್ತರ ಕೆಲಸದಲ್ಲಿ ಮೂಗು ತೂರಿಸಿ ಎಂದು ಇದರ ಅರ್ಥವಲ್ಲ. ಮರ್ಯಾದೆಯಿಂದ ಕೇಳಿ ತಿಳಿದುಕೊಳ್ಳುವುದು ಸದಸ್ಯರ ಹಕ್ಕು. ತಿಳಿದ ಸದಸ್ಯರಿದ್ದರೆ ಒಳ್ಳೆಯ ಕಾರ್ಯಕರ್ತರಿಗೂ ಬೆಲೆ ಬರುತ್ತದೆ.

1. ಹಸುವನ್ನು ಕಟ್ಟಿ ಸಿದ್ಧಪಡಿಸಿದ ಮೇಲೆಯೇ ನಳಿಕೆ ತೆಗೆಯಲಿ. ನಳಿಕೆ ತೆಗೆದ ಮೇಲೆ ಹಗ್ಗ ಹುಡುಕುವುದು ಬೇಡ.

2. ಪಾತ್ರೆಯನ್ನು ನೆರಳಿನಲ್ಲಿ, ಗಾಳಿ ರಭಸವಾಗಿ ಬೀಸದ ಕಡೆ ಇಡಲು ಜಾಗ ಮಾಡಿಕೊಡಿ.

3. ನಳಿಕೆಯನ್ನು ಹೊರತೆಗೆದ ತಕ್ಷಣ 37 ಡಿಗ್ರಿಯ ಬೆಚ್ಚನೆ ನೀರಿನಲ್ಲಿ 30 ಸೆಕೆಂಡು ಮುಳುಗಿಸಬೇಕು. ಅಂಗೈಯಲ್ಲಿ ಉಜ್ಜುವುದು, ಜೇಬಿನಲ್ಲಿ ಇಟ್ಟುಕೊಳ್ಳುವುದು, ಬಿಸಿಲಿಗೆ ಹಿಡಿಯುವುದು ಸರಿಯಲ್ಲ. ತಾವು ಒಂದು ಲೋಟ ಬೆಚ್ಚನೆಯ ನೀರು ಸಿದ್ಧವಾಗಿಟ್ಟರೆ ಅನುಕೂಲ. ನೀರಿನ ಬಿಸಿಯನ್ನು ಕಾರ್ಯಕರ್ತರು ಉಷ್ಣಮಾಪಕದಿಂದ ನೋಡಿಕೊಳ್ಳಲಿ.

4. ನೀರಿನಿಂದ ತೆಗೆದ ನಳಿಕೆಯನ್ನು ಚೆನ್ನಾಗಿ ಒರೆಸಿ ಒಣಗಿಸಿದ ಮೇಲೆಯೇ ಕತ್ತರಿಸಬೇಕು. ಒಂದು ಹನಿ ನೀರು ವೀರ್ಯಕ್ಕೆ ಸೇರಿದರೂ ವೀರ್ಯಾಣುಗಳು ಸಾಯುತ್ತವೆ. ನಳಿಕೆಯ ಮೇಲೆ ಹಿಮವಾಗಿ ಕೂತಿದ್ದ ಆವಿಯೂ ಈಗ ನೀರೇ ಆಗಿರುತ್ತದೆ ಎಂಬುದನ್ನು ಮರೆಯಬಾರದು.

5. ಒಮ್ಮೆ ಕರಗಿಸಿದ ನಳಿಕೆಯನ್ನು ಮತ್ತೆ ಪಾತ್ರೆಗೆ ಹಾಕಕೂಡದು. ಹಸು ಬೆದೆಯಲ್ಲಿಲ್ಲ ಎಂದು ಗೊತ್ತಾದರೂ ಅಷ್ಟೇ.

6. ಸಂಘದಲ್ಲಿ ಪಾತ್ರೆ ಇದ್ದರೆ ಅದರ ಪಕ್ಕದಲ್ಲಿ ಒಂದು ಪುಸ್ತಕ ಇಡಿಸಿ. ವಾರಕ್ಕೆ ಎರಡು ಬಾರಿ ಅಳತೆಪಟ್ಟಿಯ ಬಿಳಿ ಗೆರೆಯನ್ನು ಅಳೆದು ದಿನಾಂಕದೊಂದಿಗೆ ಬರೆಯಲಿ. ಎಂದಿಗಿಂತ ಬೇಗ ಮಟ್ಟ ಇಳಿಯುತ್ತಿದ್ದರೆ ಪಾತ್ರೆ ಕೆಡುತ್ತಿದೆ ಎಂದು ಮೊದಲೇ ತಿಳಿಯುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಹಸು ಗಬ್ಬ ಕಟ್ಟದಿರಲು ವೀರ್ಯವೊಂದೇ ಕಾರಣವಲ್ಲ. ಬೆದೆಯನ್ನು ತಡವಾಗಿ ಗಮನಿಸುವುದು, ಹೊತ್ತು ತಪ್ಪಿ ಹಾಕಿಸುವುದು, ಗರ್ಭಕೋಶದ ಸೋಂಕು, ಖನಿಜಾಂಶಗಳ ಕೊರತೆ ಇವೂ ಕಾರಣಗಳು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಹಾಕಿಸುವ ನಿಯಮವನ್ನು ಪಾಲಿಸಿ. ಒಂದೇ ಹಸು ಮೂರು ಬಾರಿ ನಿಲ್ಲದಿದ್ದರೆ ಹಸುವನ್ನು ಪಶುವೈದ್ಯರಿಗೆ ತೋರಿಸಿ. ಊರಿನ ಅನೇಕ ಹಸುಗಳು ಒಂದೇ ಸಮಯದಲ್ಲಿ ನಿಲ್ಲದಿದ್ದರೆ ಪಾತ್ರೆಯನ್ನು ಪರೀಕ್ಷಿಸಲು ಕೇಳಿ.

ಲಸಿಕೆ ಮತ್ತು ಹಿಮ

ಕೆಲವು ಲಸಿಕೆಗಳು ಶೀಶೆಯ ತಳದಲ್ಲಿ ಒಣ ಬಿಲ್ಲೆಯಂತೆ ಬರುತ್ತವೆ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನಲ್ಲಿ ಹಾಕುವ ಕಂದುರೋಗದ, ಅಂದರೆ ಬ್ರುಸೆಲ್ಲೋಸಿಸ್ ಲಸಿಕೆ, ಕುರಿ–ಮೇಕೆಗಳ ಪಿ.ಪಿ.ಆರ್. ಲಸಿಕೆ ಈ ಬಗೆಯವು. ಇವುಗಳ ತಯಾರಿಕೆಯಲ್ಲಿ ಉತ್ಪತನ, ನಿಕ್ಷೇಪಣೆ ಎರಡೂ ಇವೆ. ಲಸಿಕೆಯನ್ನು ಮೊದಲು ಹೆಪ್ಪುಗಟ್ಟಿಸಿ, ಸುತ್ತಲಿನ ಗಾಳಿಯನ್ನು ಹೀರಿ ತೆಗೆಯುತ್ತಾರೆ. ಒತ್ತಡ ತೀರಾ ಕಡಿಮೆಯಾದಾಗ ಲಸಿಕೆಯಲ್ಲಿನ ಹಿಮ ಕರಗದೆ ನೇರ ಆವಿಯಾಗುತ್ತದೆ. ಆ ಆವಿ ಯಂತ್ರದ ಇನ್ನೊಂದು ಭಾಗದಲ್ಲಿರುವ ಅತಿ ತಣ್ಣನೆಯ ಸುರುಳಿಯ ಮೇಲೆ ಮತ್ತೆ ಹಿಮವಾಗಿ ಕೂರುತ್ತದೆ. ನೀರು ಹೋಯಿತು, ಜೀವಾಣು ಉಳಿಯಿತು.

ಕಾಲುಬಾಯಿ ಜ್ವರದ ಲಸಿಕೆಯ ಮಾತು ಬೇರೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಊರೂರಿಗೆ ಬರುವ ಈ ದ್ರವ ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಲು ಬಿಡಬಾರದು. ಸಂಘದ ಅಥವಾ ಮನೆಯ ಫ್ರಿಜ್ಜಿನಲ್ಲಿ ಇಡಬೇಕಾಗಿ ಬಂದರೆ ಹಿಮ ಕಟ್ಟುವ ಮೇಲಿನ ಗೂಡಿನಲ್ಲಿ, ಅದರ ಗೋಡೆಗೆ ತಾಗುವಂತೆ ಇಡಬೇಡಿ. ಬಿಳಿ ಹಿಮ ಕಂಡ ಜಾಗ ಸೊನ್ನೆಗಿಂತ ಕೆಳಗಿದೆ ಎಂಬ ಸೂತ್ರ ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಫ್ರಿಜ್ಜಿನ ಗೂಡಿನಲ್ಲಿ ಹಿಮ ಬೆರಳು ದಪ್ಪ ಕಟ್ಟಿದರೆ ಅದು ಕಂಬಳಿ ಹೊದಿಸಿದಂತೆ. ಹಿಮದ ಹರಳುಗಳ ನಡುವೆ ಗಾಳಿ ಸಿಕ್ಕಿಕೊಂಡು ಒಳಗಿನ ತಂಪು ಹೊರಗೆ ಬರುವುದಿಲ್ಲ, ಯಂತ್ರ ಓಡುತ್ತಲೇ ಇರುತ್ತದೆ, ವಿದ್ಯುತ್ ಬಿಲ್ಲು ಏರುತ್ತದೆ. ಆಗಾಗ್ಗೆ ಆರಿಸಿ ಹಿಮ ಕರಗಿಸಿ. ಚಾಕು, ಕುಡುಗೋಲಿನಿಂದ ಕೆರೆಯಬೇಡಿ. ಶೀತಲೀಕರಣ ಘಟಕದಲ್ಲಿ ಸಂಕೋಚಕದ ಬಳಿಯ ಕೊಳವೆಯ ಮೇಲೆ ದಪ್ಪಗೆ ಹಿಮ ಕಟ್ಟಿದ್ದು ಕಂಡರೆ ಒಕ್ಕೂಟದ ತಂತ್ರಜ್ಞರಿಗೆ ತಿಳಿಸಿ.

ಸುರಕ್ಷತೆ

– ಒಂದು ಲೀಟರ್ ದ್ರವ ಸಾರಜನಕ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗುತ್ತದೆ. ಅದಕ್ಕೆ ವಾಸನೆ ಇಲ್ಲ. ಗಾಳಿಯಾಡದ ಕೋಣೆ ಅಥವಾ ಕಿಟಕಿ ಮುಚ್ಚಿದ ವಾಹನದಲ್ಲಿ ಆಮ್ಲಜನಕ ಕಡಿಮೆಯಾಗಿ ಜನ ತಿಳಿಯದೆ ಪ್ರಜ್ಞೆ ತಪ್ಪಬಹುದು. ಪಾತ್ರೆ ಇರುವ ಕೋಣೆಯ ಕಿಟಕಿ ತೆರೆದಿರಲಿ.
– ಪಾತ್ರೆಯ ಬಾಯಿಯನ್ನು ಬಿಗಿಯಾಗಿ ಮುಚ್ಚಬೇಡಿ, ಬಟ್ಟೆ ತುರುಕಬೇಡಿ, ಟೇಪು ಸುತ್ತಬೇಡಿ. ಅನಿಲ ಹೊರಹೋಗಲು ದಾರಿ ಇಲ್ಲದಿದ್ದರೆ ಪಾತ್ರೆ ಸಿಡಿಯಬಹುದು.
– ಹಿಮ ಕಟ್ಟಿದ ಲೋಹದ ಭಾಗವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಚರ್ಮದ ತೇವ ಅಲ್ಲೇ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ, ಎಳೆದರೆ ಚರ್ಮ ಕಿತ್ತುಬರುತ್ತದೆ. ಸುಟ್ಟ ಗಾಯದಂತೆಯೇ ಗಾಯವಾಗುತ್ತದೆ.
– ಮಕ್ಕಳು ಬಿಳಿ ಹೊಗೆ ನೋಡಲು ಹತ್ತಿರ ಬರುತ್ತಾರೆ. ದೂರದಿಂದಲೇ ತೋರಿಸಿ, ವಿಷಯ ತಿಳಿಸಿ ಹೇಳಿ.

ಸಂದೇಹ – ಸಮಾಧಾನ

ಪ್ರಶ್ನೆ: ಪಾತ್ರೆಯಲ್ಲಿ ಸಾರಜನಕ ಸ್ವಲ್ಪವೇ ಇದೆ, ಆದರೆ ಮುಚ್ಚಳ ತೆಗೆದರೆ ಹೊಗೆ ಬರುತ್ತದೆ. ನಳಿಕೆ ಚೆನ್ನಾಗಿರುತ್ತದೆಯೇ?
ಉತ್ತರ: ಹೊಗೆ ಬರಲು ಸ್ವಲ್ಪ ತಂಪು ಇದ್ದರೂ ಸಾಕು. ಹೊಗೆಯನ್ನು ನಂಬಬೇಡಿ, ಅಳತೆಪಟ್ಟಿಯ ಬಿಳಿ ಗೆರೆಯನ್ನು ನಂಬಿ.

ಪ್ರಶ್ನೆ: ಸಾರಜನಕ ಪೂರ್ತಿ ಖಾಲಿಯಾಗಿದ್ದ ಪಾತ್ರೆಗೆ ಮತ್ತೆ ತುಂಬಿದ್ದಾರೆ. ಒಳಗಿದ್ದ ನಳಿಕೆ ಬಳಸಬಹುದೇ?
ಉತ್ತರ: ಬಳಸಬಾರದು. ಎಷ್ಟು ಹೊತ್ತು ಖಾಲಿ ಇತ್ತು ಎಂದು ಯಾರೂ ಹೇಳಲಾರರು. ಹಳೆಯ ನಳಿಕೆಗಳನ್ನು ತೆಗೆದು ಶಿಬಿರ ಕಚೇರಿಗೆ ತಿಳಿಸಿ, ಹೊಸದನ್ನು ಪಡೆಯಬೇಕು. ಕೆಲವು ನಳಿಕೆಗಳ ಬೆಲೆಗಿಂತ ಒಂದು ಬೆದೆಯ ಬೆಲೆ ಹೆಚ್ಚು.

ಪ್ರಶ್ನೆ: ಹಿಮ ಕಟ್ಟಿದ ನೀರಿನಲ್ಲಿ ಸಾರಜನಕ ಸೇರಿರುತ್ತದೆಯೇ? ದನಕ್ಕೆ ವಿಷವೇ?
ಉತ್ತರ: ಅದು ಗಾಳಿಯ ತೇವದಿಂದ ಆದ ನೀರಿನ ಹಿಮ, ವಿಷವಲ್ಲ. ಆದರೂ ಕೊಳೆ ಸೇರಿರುವುದರಿಂದ ಕುಡಿಯಲು ಯೋಗ್ಯವಲ್ಲ.

ಮಹಿಳಾ ಸಂಘಗಳ ಸದಸ್ಯೆಯರು ಮುಂದಿನ ಮಾಸಿಕ ಸಭೆಯಲ್ಲಿ, ಇತರ ಸಂಘಗಳವರು ಮುಂದಿನ ಆಡಳಿತ ಮಂಡಳಿ ಸಭೆಯ ದಿನ, ಕಾರ್ಯಕರ್ತರನ್ನು ಕರೆಸಿ ಎಲ್ಲರ ಎದುರಿಗೆ ಒಮ್ಮೆ ಅಳತೆಪಟ್ಟಿ ಇಳಿಸಿ ತೋರಿಸಲು ಕೋರಿಕೊಳ್ಳಿ. ಐದು ನಿಮಿಷದ ಕೆಲಸ. ಶಾಲೆಯಲ್ಲಿ ಓದುತ್ತಿರುವ ಮಕ್ಕಳನ್ನೂ ಕರೆತನ್ನಿ. ಪುಸ್ತಕದಲ್ಲಿ ಓದಿದ ಪಾಠವನ್ನು ಅವರು ಕಣ್ಣಾರೆ ನೋಡಲಿ. ಬಿಳಿ ಗೆರೆ 15 ಸೆಂಟಿಮೀಟರಿಗಿಂತ ಕೆಳಗಿದ್ದರೆ ಅದೇ ದಿನ ಒಕ್ಕೂಟದ ಶಿಬಿರ ಕಚೇರಿಗೆ ತಿಳಿಸುವುದು.

– ಪಶುವೈದ್ಯಕೀಯ ವಿಸ್ತರಣಾಧಿಕಾರಿ